ಹದಿನೇಳು ಅಂಕದ ನೋವು

ನೆಲ ಒರೆಸುವವಳನ್ನು ಕುರ್ಚಿಯ ಮೇಲೆ ಕೂರಿಸಿದ್ದು ಆ ಆಸ್ಪತ್ರೆಯಲ್ಲಿ ಅದೇ ಮೊದಲು.

ಹನ್ನೊಂದು ವರ್ಷದಿಂದ ಆಯಾ ಆ ಮೀಟಿಂಗ್ ಕೋಣೆಯ ನೆಲ ಒರೆಸಿದ್ದಳು. ಮೇಜಿಗೆ ಎಷ್ಟು ಕಾಲು, ಯಾವ ಕಾಲಿನ ಬುಡ ಗೆದ್ದಲು ತಿಂದಿದೆ, ಎಲ್ಲ ಗೊತ್ತಿತ್ತು. ಮೇಜಿನ ಮೇಲ್ಭಾಗವನ್ನು ಕೂತು ನೋಡಿರಲಿಲ್ಲ. ಅವತ್ತು ಡಾಕ್ಟರಮ್ಮ ತಾವೇ ಕುರ್ಚಿ ಎಳೆದು ಕೊಟ್ಟರು. ಆಯಾ ಕುರ್ಚಿಯ ತುದಿಗೆ ಕೂತಳು. ಬಕೆಟ್ಟು ಕಾಲ ಬಳಿಯೇ ಇತ್ತು.

"ಬಕೆಟ್ ಹೊರಗಿಡಿ, ಪರವಾಗಿಲ್ಲ."

"ಹೊರಗಿಟ್ರೆ ಯಾರಾದ್ರೂ ಎತ್ಕೊಂಡ್ ಹೋಗ್ತಾರಮ್ಮ. ಆಮೇಲೆ ನನ್ನ ತಲೆಗೆ ಕಟ್ತಾರೆ."

ಡಾಕ್ಟರಮ್ಮ ನಕ್ಕರು. ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಮೇಜಿನ ಮೇಲೆ ನಾಲ್ಕು ಹಾಳೆಯ ಒಂದು ಫಾರಂ ಇಟ್ಟರು. "ಇದನ್ನ ನಿಮ್ಮ ಭಾಷೆಗೆ ತರಬೇಕು. ನಿಮ್ಮ ಜನಕ್ಕೇ ಒಳ್ಳೇದಾಗುತ್ತೆ."

ಅದು ನೋವಿನ ಫಾರಂ. ಮೂರು ತಿಂಗಳಿಗಿಂತ ಹೆಚ್ಚು ಕಾಲ ನೋವು ತಿನ್ನುತ್ತಿರುವವರಿಗೆ ಕೇಳುವ ಇಪ್ಪತ್ತೆರಡು ಪ್ರಶ್ನೆ. ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕು ಅಂಕ. ಒಟ್ಟು ಮೂವತ್ತು ದಾಟಿದರೆ ಆಸ್ಪತ್ರೆಯ ಕೆಲಸಗಾರರಿಗೆ ಭಾರದ ಕೆಲಸ ತಪ್ಪುತ್ತದೆ, ಚಿಕಿತ್ಸೆ ಸಿಗುತ್ತದೆ. ಫಾರಂ ಇದ್ದದ್ದು ಆ ಊರಿನ ಭಾಷೆಯಲ್ಲಿ. ಕೆಳಗೆ ನೆಲಮಾಳಿಗೆಯ ಲಾಂಡ್ರಿಯಲ್ಲಿ ದುಡಿಯುವ ನಲವತ್ತು ಜನ ಆಯಾಳ ಕಡೆಯವರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಅವರಿಗೆ ಆ ಭಾಷೆಯಲ್ಲಿ ಬರುತ್ತಿದ್ದದ್ದು 'ಸಾರ್', 'ಸರಿ', 'ತಪ್ಪಾಯ್ತು'. ಅವರಲ್ಲಿ ಯಾರಾದರೂ ಬೆನ್ನು ಹಿಡಿದುಕೊಂಡು ಹತ್ತಿ ಬಂದರೆ ಹಿರಿಯ ನರ್ಸಮ್ಮ ಫಾರಂನ ಮೇಲೆ ಅಡ್ಡ ಗೀಟು ಎಳೆದು 'ಭಾಷೆ ಬಾರದು' ಎಂದು ಬರೆಯುತ್ತಿದ್ದರು. ಆಮೇಲೆ ಬಗ್ಗಿಸಿ, ಕೂರಿಸಿ, ಏಳಿಸಿ ಕಣ್ಣಿಂದ ನೋಡುತ್ತಿದ್ದರು. ಕಣ್ಣಿಗೆ ಕಂಡದ್ದು ನಿಜವೆನಿಸಿದರೆ 'ಎರಡು ವಾರ ಹಗುರ ಕೆಲಸ' ಎಂದು ಚೀಟಿ ಕೊಡುತ್ತಿದ್ದರು. ಹಗುರ ಕೆಲಸವೆಂದರೆ ಸ್ಟೂಲಿನ ಮೇಲೆ ಕೂತು ಒಣಗಿದ ಬಟ್ಟೆ ಮಡಚುವುದು. ಆಯಾಳ ಅತ್ತಿಗೆಗೆ ಹಾಗೆ ಮೂರು ಸಲ ಸಿಕ್ಕಿತ್ತು. ಆ ಎರಡೆರಡು ವಾರದಿಂದಲೇ ಅವಳ ಬೆನ್ನು ಇನ್ನೊಂದಿಷ್ಟು ದಿನ ಬಾಳಿಕೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಎರಡೂ ಭಾಷೆ ಬರುತ್ತಿದ್ದದ್ದು ಆಯಾಳಿಗೆ ಒಬ್ಬಳಿಗೇ. ತನ್ನ ಭಾಷೆಯನ್ನು ಏಳನೆಯ ತರಗತಿಯ ತನಕ ಓದಿದ್ದಳು. ಈ ಊರಿನ ಭಾಷೆಯನ್ನು ವಾರ್ಡಿನಲ್ಲಿ ಬೈಸಿಕೊಂಡು ಕಲಿತಿದ್ದಳು.

"ಎರಡು ವಾರ ಅಲ್ಲ, ಪೂರ್ತಿಯಾಗಿ ಭಾರದ ಕೆಲಸ ತಪ್ಪುತ್ತಾ?" ಎಂದು ಕೇಳಿದಳು.

"ಮೂವತ್ತು ದಾಟಿದ್ರೆ ಖಂಡಿತ."

ಆಯಾಳ ಎದೆ ತುಂಬಿ ಬಂತು. ಅತ್ತಿಗೆಗೆ ಮೂವತ್ತು ಯಾಕೆ, ಅರವತ್ತು ಬರುತ್ತದೆ ಅಂದುಕೊಂಡಳು.

ಅವತ್ತಿನಿಂದ ಊಟದ ಬಿಡುವಿನಲ್ಲಿ ಲಾಂಡ್ರಿಗೆ ಇಳಿದು ಒಬ್ಬೊಬ್ಬರನ್ನೇ ಕೇಳತೊಡಗಿದಳು. ನಿನ್ನ ನೋವು ಹೇಗಿದೆ? ಅಂಥ ಪ್ರಶ್ನೆಯನ್ನು ಅವರಿಗೆ ಮನೆಯವರೂ ಕೇಳಿರಲಿಲ್ಲ. ಮೊದಲು ನಾಚಿಕೊಂಡರು. ಆಮೇಲೆ ಕಟ್ಟೆ ಒಡೆಯಿತು. ಹಿಂಡಿದ ಹಾಗೆ ಅಂದ ಒಬ್ಬ. ಕುಕ್ಕತ್ತೆ ಅಂದಳು ಒಬ್ಬಳು. ಇನ್ನೊಬ್ಬಳದು ಸೆಳೆತ, ತೊಡೆಯಿಂದ ಹಿಮ್ಮಡಿವರೆಗೆ. ಒಬ್ಬನಿಗೆ ಜೋಮು, ಬಿಸಿ ನೀರು ಬಿದ್ದರೂ ಕಾಲಿಗೆ ಗೊತ್ತಾಗುವುದಿಲ್ಲ. ಮೈಯೆಲ್ಲ ಹಣ್ಣಾಗಿದೆ. ಸೊಂಟ ಬಿದ್ದುಹೋಗುತ್ತದೆ. ಆಯಾ ಎಲ್ಲವನ್ನೂ ಔಷಧಿ ಡಬ್ಬದ ರಟ್ಟಿನ ಹಿಂದೆ ಬರೆದುಕೊಂಡಳು. ಫಾರಂನ ಒಣ ಪದಗಳ ಜಾಗದಲ್ಲಿ ಈ ಪದಗಳನ್ನು ಕೂರಿಸಿದಳು. ಹದಿನೈದು ದಿನ ಹಿಡಿಯಿತು. ತನ್ನ ಬದುಕಿನಲ್ಲಿ ಇಷ್ಟು ಖುಷಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ ಅನ್ನಿಸಿತು.

ಅಷ್ಟಕ್ಕೇ ಮುಗಿಯುವುದಿಲ್ಲವಂತೆ. ಅವಳು ಬರೆದದ್ದನ್ನು ಇನ್ನೊಬ್ಬರು ಮತ್ತೆ ಊರಿನ ಭಾಷೆಗೆ ತಿರುಗಿಸಬೇಕಂತೆ. ಅದನ್ನೂ ಮೂಲವನ್ನೂ ಆಸ್ಪತ್ರೆಯ ಸಮಿತಿ ಪಕ್ಕಪಕ್ಕ ಇಟ್ಟು ನೋಡಬೇಕಂತೆ. ಆ ಕೆಲಸಕ್ಕೆ ಕಾಲೇಜಿನ ಮೇಷ್ಟ್ರೊಬ್ಬರು ಬಂದರು. ಅವರ ಅಜ್ಜನ ಮನೆಯ ಭಾಷೆ ಇವರದೇ. ಅಜ್ಜ ಸತ್ತ ಮೇಲೆ ಅದು ಪುಸ್ತಕದಲ್ಲಿ ಮಾತ್ರ ಅವರಿಗೆ ಸಿಗುತ್ತಿತ್ತು.

ಸಮಿತಿ ಕೂತಿತು. ದೊಡ್ಡ ಡಾಕ್ಟರು ನಡುವೆ. ಆಯಾ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಮೇಷ್ಟ್ರು ತಿರುಗಿಸಿದ್ದನ್ನು ಡಾಕ್ಟರಮ್ಮ ಓದಿದರು. 'ಕುಕ್ಕುತ್ತದೆ' ಎಂದಿದ್ದ ಕಡೆ, 'ಹಕ್ಕಿ ಕಾಳು ತಿನ್ನುವಂತಹ ನೋವು'. 'ಸೊಂಟ ಬಿದ್ದುಹೋಗುತ್ತದೆ' ಎಂದಿದ್ದ ಕಡೆ, 'ನಿಮ್ಮ ಸೊಂಟವು ನೆಲಕ್ಕೆ ಬಿದ್ದಿದೆಯೇ?'

ಕೋಣೆಗೆ ಕೋಣೆಯೇ ನಕ್ಕಿತು. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬಿದ್ದರೆ ಎತ್ತಿಕೊಂಡು ಬಾ ಅನ್ನಿ, ಹೊಲಿದು ಕೊಡೋಣ!"

ಆಯಾ ಕೂಡ ಹಲ್ಲು ಬಿಟ್ಟಳು. ಎಲ್ಲರೂ ನಗುವಾಗ ನಗದೆ ಇರುವುದು ಅವಳಿಗೆ ಅಭ್ಯಾಸವಿರಲಿಲ್ಲ.

"ಇವು ಬೀದಿ ಮಾತು," ಎಂದರು ಮೇಷ್ಟ್ರು. "ಶುದ್ಧ ಪದಗಳಿವೆ, ನಾನು ಹಾಕಿಕೊಡ್ತೀನಿ." ಹಾಕಿಕೊಟ್ಟರು. ಕುಕ್ಕುವುದು ಹೋಗಿ 'ಸ್ಪಂದನಾತ್ಮಕ ವೇದನೆ' ಆಯಿತು. ಸೆಳೆತ ಹೋಗಿ 'ಪ್ರಸರಣಶೀಲ ಯಾತನೆ' ಆಯಿತು. ಅವನ್ನು ತಿರುಗಿಸಿದರೆ ಮೂಲಕ್ಕೆ ಅಚ್ಚುಕಟ್ಟಾಗಿ ಕೂರುತ್ತಿದ್ದವು. ಸಮಿತಿ ಒಪ್ಪಿತು.

ಮುಂದಿನ ವಾರ ಮೂವತ್ತು ಜನರ ಮೇಲೆ ಪರೀಕ್ಷೆ. ಆಯಾ ಓದಿ ಉತ್ತರವನ್ನು ತಿರುಗಿಸಿ ಹೇಳುವುದು, ಡಾಕ್ಟರಮ್ಮ ಅಂಕ ಹಾಕುವುದು. ನಾಲ್ಕನೆಯವಳಾಗಿ ಅತ್ತಿಗೆ ಬಂದಳು.

ಅತ್ತಿಗೆ ಆಯಾಳ ಸತ್ತ ಅಣ್ಣನ ಹೆಂಡತಿ. ಐವತ್ತೊಂದು ವರ್ಷ. ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ. ಬಾಗಿಲಲ್ಲಿ ನಿಂತು ಒಳಗೆ ಹೆಜ್ಜೆಯಿಡುವ ಮೊದಲು ಕುರ್ಚಿ ಎಷ್ಟು ದೂರವಿದೆ ಎಂದು ಅಳೆದಳು. ಗೋಡೆಗೆ ಬಲಗೈ ಕೊಟ್ಟು, ಒಂದು ಪಕ್ಕಕ್ಕೆ ವಾಲಿ, ಉಸಿರು ಹಿಡಿದು ಕೂತಳು. ಕೂತ ಮೇಲೆ ಉಸಿರು ಬಿಟ್ಟಳು. ಡಾಕ್ಟರಮ್ಮ ಆಗ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ಆಯಾ ಓದಿದಳು. "ಕಳೆದ ಒಂದು ವಾರದಲ್ಲಿ ಸ್ಪಂದನಾತ್ಮಕ ವೇದನೆಯನ್ನು ಅನುಭವಿಸಿದ್ದೀರಾ?"

"ಏನದು?"

ಬಿಡಿಸಿ ಹೇಳಲು ಆಯಾ ಬಾಯಿ ತೆರೆದಳು. ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದರು. "ಇದ್ದದ್ದನ್ನಷ್ಟೇ ಓದಬೇಕು. ಇಲ್ಲದಿದ್ರೆ ಲೆಕ್ಕಕ್ಕೆ ಬರಲ್ಲ."

"ಅಂಥದ್ದೇನೂ ಇಲ್ಲಮ್ಮ," ಎಂದಳು ಅತ್ತಿಗೆ. ಸೊನ್ನೆ.

"ನೋವು ನಿಮ್ಮ ಕೆಲಸಕ್ಕೆ ಎಷ್ಟು ಅಡ್ಡಿ ಮಾಡಿತು?"

ಅತ್ತಿಗೆ ನೆಟ್ಟಗಾದಳು. "ಅಡ್ಡಿನಾ? ಯಾರಂದಿದ್ದು? ಈ ವರ್ಷ ಒಂದು ದಿನ ರಜೆ ಹಾಕಿಲ್ಲ ನಾನು. ಮೇಸ್ತ್ರಿನ ಕೇಳಿ ಬೇಕಾದ್ರೆ." ಸೊನ್ನೆ.

"ನೋವಿನಿಂದಾಗಿ ನಿಮ್ಮ ಹವ್ಯಾಸಗಳನ್ನು ಎಷ್ಟರಮಟ್ಟಿಗೆ ಬಿಡಬೇಕಾಯಿತು?"

"ಹವ್ಯಾಸ ಅಂದ್ರೇನೇ?"

"ಸುಮ್ನೆ ಖುಷಿಗೆ ಅಂತ ಮಾಡೋ ಕೆಲಸ," ಎಂದು ಆಯಾ ಪಿಸುಗುಟ್ಟಿದಳು.

"ಖುಷಿಗೆ ಯಾರಾದ್ರೂ ಕೆಲಸ ಮಾಡ್ತಾರೇನೇ? ತಲೆ ಕೆಟ್ಟಿದ್ಯಾ?" ಸೊನ್ನೆ.

ಕಾರಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂರಲು ಕಷ್ಟವೇ? ಕೂರಿಸಲಿ, ನೋಡಿ ಹೇಳುತ್ತೇನೆ ಎಂದಳು. ಸೊನ್ನೆ. ಈಜುವಾಗ, ಓಡುವಾಗ? ಸೊನ್ನೆ. ನಿದ್ದೆ? "ಬಿದ್ರೆ ಕೊರಡು. ಎಚ್ಚರವಾಗಿರೋಕೆ ಮೈಯಲ್ಲಿ ಏನಿದೆ?" ಸೊನ್ನೆ.

"ದಿನನಿತ್ಯದ ಕೆಲಸಗಳಿಗೆ ಬೇರೆಯವರ ಸಹಾಯ ಎಷ್ಟು ಬೇಕಾಗುತ್ತದೆ?"

"ಯಾರ ಹಂಗೂ ಇಲ್ಲ ನಂಗೆ."

ಆಯಾ ಹಾಳೆ ಕೆಳಗಿಟ್ಟಳು. "ಅತ್ತಿಗೆ, ದಿನಾ ಬೆಳಿಗ್ಗೆ ನಿನ್ನ ತಲೆ ಬಾಚೋದು ಯಾರು? ಅಂಗಿ ತೋಳಿಗೆ ಕೈ ಹಾಕ್ಸೋದು ಯಾರು?"

ಅತ್ತಿಗೆ ಅವಳನ್ನು ನೋಡಿದಳು. ನಿಜವಾಗಿಯೂ ಅರ್ಥವಾಗದವಳಂತೆ ನೋಡಿದಳು. "ನೀನು ಬೇರೆಯವಳೇನೇ?"

ಅತ್ತಿಗೆ ಏನಂದಳು ಎಂದು ಡಾಕ್ಟರಮ್ಮ ಕೇಳಿದರು. ಆಯಾ ಹೇಳಿದಳು. ಡಾಕ್ಟರಮ್ಮನ ಮುಖ ಸಣ್ಣಗಾಯಿತು. ಸ್ವಲ್ಪ ಹೊತ್ತು ಪೆನ್ನನ್ನು ಹಾಳೆಯ ಮೇಲೆ ಹಿಡಿದಿದ್ದರು. ಆಮೇಲೆ ಸೊನ್ನೆ ಬರೆದರು. ಹೇಳಿದ ಉತ್ತರವನ್ನೇ ಬರೆಯಬೇಕು, ಅದು ನಿಯಮ.

ಒಟ್ಟು ಹದಿನೇಳು.

ಹೊರಗೆ ಮೆಟ್ಟಿಲ ಬಳಿ ಅತ್ತಿಗೆ ಕಂಬಿ ಹಿಡಿದು ನಿಂತಳು. ಎರಡು ಮೆಟ್ಟಿಲು ಇಳಿದಳು. ಬೆವರಿದಳು. ಆಯಾ ವಾರ್ಡಿನಿಂದ ನೀರು ತಂದು ಕೊಟ್ಟಳು. ಅತ್ತಿಗೆ ತುಟಿ ಒದ್ದೆ ಮಾಡಿಕೊಂಡು ಲೋಟ ವಾಪಸು ಕೊಟ್ಟಳು.

"ಕುಡಿ."

"ಬೇಡ ಕಣೇ. ಕೆಲಸಕ್ಕೆ ಬಂದಾಗ ನೀರು ಕುಡಿಯೋದು ಬಿಟ್ಟಿದೀನಿ. ಕಕ್ಕಸಿಗೆ ಕೂತ್ರೆ ಏಳಕ್ಕಾಗಲ್ಲ. ನಲ್ಲಿ ಪೈಪ್ ಹಿಡ್ಕೊಂಡು ಏಳ್ತಿದ್ದೆ, ಮೊನ್ನೆ ಅದೂ ಕಿತ್ಕೊಂಡು ಕೈಗೇ ಬಂತು."

"ಇದನ್ನ ಒಳಗೆ ಯಾಕೆ ಹೇಳಲಿಲ್ಲ?"

"ಅವರು ಕೇಳಲಿಲ್ವಲ್ಲ."

ಆಯಾ ಸಮಿತಿಯ ಮುಂದೆ ನಿಂತು ಅದನ್ನೇ ಹೇಳಿದಳು. ಪ್ರಶ್ನೆಗಳೇ ಸರಿಯಿಲ್ಲ ಸಾರ್. ನೀರು ಕುಡಿಯುತ್ತೀರಾ ಎಂದು ಕೇಳಿ. ಕಕ್ಕಸಿನಲ್ಲಿ ಹೇಗೆ ಏಳುತ್ತೀರಿ ಎಂದು ಕೇಳಿ. ತಲೆ ಯಾರು ಬಾಚುತ್ತಾರೆ ಎಂದು ಕೇಳಿ.

ದೊಡ್ಡ ಡಾಕ್ಟರು ಸಮಾಧಾನದಿಂದಲೇ ಕೇಳಿಸಿಕೊಂಡರು. "ನೋಡಮ್ಮ, ಈ ಫಾರಂ ಎಷ್ಟೋ ದೇಶದಲ್ಲಿ ನಡೀತಿದೆ. ಪ್ರಶ್ನೆ ಬದಲಾಯಿಸಿದ್ರೆ ಅವರ ಅಂಕಕ್ಕೆ ನಮ್ಮ ಅಂಕ ಹೋಲಿಸೋಕಾಗಲ್ಲ. ಭಾಷೆ ಮಾತ್ರ ನಿಮ್ಮದು. ಪ್ರಶ್ನೆ ನಿಮ್ಮದಲ್ಲ."

ಪರದೆಯ ಮೇಲೆ ಕಂಬಗಳ ಚಿತ್ರ ಬಂತು. ಊರಿನ ಭಾಷೆಯವರದು ಎತ್ತರದ ಕಂಬ, ಸರಾಸರಿ ಮೂವತ್ತನಾಲ್ಕು. ಪಕ್ಕದಲ್ಲಿ ಆಯಾಳ ಜನರದು ಮೋಟು ಕಂಬ, ಹನ್ನೊಂದು. "ಈ ಜನಕ್ಕೆ ನೋವು ತಡ್ಕೊಳ್ಳೋ ಶಕ್ತಿ ಜಾಸ್ತಿ," ಎಂದರು ದೊಡ್ಡ ಡಾಕ್ಟರು. "ಬಹಳ ಕುತೂಹಲದ ವಿಷಯ." ಯಾರೋ ಬರೆದುಕೊಂಡರು.

ಆಮೇಲೆ ಡಾಕ್ಟರಮ್ಮ ಒಂದು ಹಾಳೆ ಮುಂದಿಟ್ಟರು. ಆ ಭಾಷೆಯನ್ನಾಡುವ ಒಬ್ಬರ ಸಹಿ ಬೇಕು. 'ಈ ಪ್ರಶ್ನೆಗಳು ನಮ್ಮ ಜನರಿಗೆ ಸರಿಯಾಗಿ ಅರ್ಥವಾಗುತ್ತವೆ, ಅವರ ನೋವನ್ನು ಸರಿಯಾಗಿ ಅಳೆಯುತ್ತವೆ.'

"ಇಲ್ಲಿ ನಿಮ್ಮ ಹೆಸರು ಬರೆದು ಸಹಿ ಹಾಕಿ. ಈ ಫಾರಂ ಬಗ್ಗೆ ಬರೋ ಪುಸ್ತಕದಲ್ಲಿ ನಿಮ್ಮ ಹೆಸರು ಅಚ್ಚಾಗುತ್ತೆ."

ಆಯಾ ಓದಿದಳು. ಇನ್ನೊಂದು ಸಲ ಓದಿದಳು. ಪೆನ್ನು ಕೈಯಲ್ಲೇ ಇತ್ತು. ಬ್ಲೀಚಿಂಗ್ ಪೌಡರ್ ತಿಂದು ಬೆಳ್ಳಗಾದ ಬೆರಳು. ಅದೇ ಬೆರಳಲ್ಲಿ ರಟ್ಟಿನ ಹಿಂದೆ ನಲವತ್ತು ಜನರ ನೋವು ಬರೆದುಕೊಂಡಿದ್ದಳು. ಪೆನ್ನು ಮೇಜಿನ ಮೇಲಿಟ್ಟಳು.

"ಹಾಕಲ್ಲ."

"ಯಾಕೆ? ಇಷ್ಟು ದಿನ ಕಷ್ಟಪಟ್ಟಿದ್ದೀರಿ."

"ಸುಳ್ಳಮ್ಮ ಇದು. ನೋವು ನಿನ್ನ ಕೆಲಸಕ್ಕೆ ಅಡ್ಡಿ ಮಾಡ್ತಾ ಅಂತೀರಿ. ಮಾಡ್ತು ಅಂದ್ರೆ ಗೇಟಿನಿಂದ ಆಚೆ ಹಾಕ್ತೀರಿ. ಯಾವ ಬಾಯಲ್ಲಿ ಹೂಂ ಅಂತಾರೆ ಅವರು? ನಿನ್ನ ಕೆಲಸ ನಿನ್ನ ಮೈಗೆ ಏನು ಮಾಡ್ತು? ಹಂಗೆ ತಿರುಗಿಸಿ ಕೇಳಿ ಒಂದು ಸಲ. ಕೇಳಿದ್ರೆ ಹಾಕ್ತೀನಿ."

ದೊಡ್ಡ ಡಾಕ್ಟರು ಗಡಿಯಾರ ನೋಡಿದರು. "ಮೇಷ್ಟ್ರೇ, ನೀವೂ ಈ ಭಾಷೆಯವರೇ ಅಲ್ವೇ?"

ಮೇಷ್ಟ್ರು ಜೇಬಿನಿಂದ ತಮ್ಮದೇ ಪೆನ್ನು ತೆಗೆದರು.

ಮುಂದಿನ ಸೋಮವಾರ ಆಯಾಳನ್ನು ವಾರ್ಡಿನಿಂದ ಲಾಂಡ್ರಿಗೆ ಹಾಕಿದರು. 'ಸಿಬ್ಬಂದಿ ಕೊರತೆ' ಎಂದು ಕಾಗದದಲ್ಲಿತ್ತು. ಯಾರೂ ಬೈಯಲಿಲ್ಲ, ಯಾರೂ ಹೆದರಿಸಲಿಲ್ಲ. ಡಾಕ್ಟರಮ್ಮ ಕಾರಿಡಾರಿನಲ್ಲಿ ಸಿಕ್ಕಾಗ ತಲೆ ತಗ್ಗಿಸಿಕೊಂಡು ಹೋದರು.

ಲಾಂಡ್ರಿಗೆ ಕಿಟಕಿಯಿಲ್ಲ. ಯಂತ್ರದ ದುಂಡು ಬಾಗಿಲು ತೆರೆದರೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ. ಒಳಗೆ ಅರವತ್ತು ಬೆಡ್‌ಶೀಟು ಒಂದಕ್ಕೊಂದು ಹೊಸೆದುಕೊಂಡು ಹಗ್ಗವಾಗಿರುತ್ತವೆ. ಸೊಂಟದ ತನಕ ಒಳಗೆ ಬಗ್ಗಿ, ಆ ಹಗ್ಗದ ತುದಿ ಹುಡುಕಿ, ಎರಡು ಕೈಯಲ್ಲಿ ಎಳೆದು ಗಾಡಿಗೆ ಹಾಕಬೇಕು. ಒದ್ದೆ ಬಟ್ಟೆ ಹೆಣಭಾರ. ಗಾಡಿಯ ಒಂದು ಚಕ್ರ ತಿರುಗುವುದಿಲ್ಲ, ಅದನ್ನು ಒದ್ದು ಒದ್ದು ತಳ್ಳಬೇಕು. ಒಂದು ಪಾಳಿಗೆ ಇಪ್ಪತ್ತಾರು ಗಾಡಿ. ಮೊದಲ ವಾರವೇ ಆಯಾಳ ಅಂಗೈ ಸಿಪ್ಪೆ ಸುಲಿಯಿತು. ಹನ್ನೊಂದು ವರ್ಷ ನೆಲ ಒರೆಸಿದ್ದು ಕೆಲಸವೇ ಅಲ್ಲ ಅನ್ನಿಸಿತು.

ಆ ತಿಂಗಳ ಕೊನೆಗೆ ಹೊಸ ಫಾರಂ ಅಚ್ಚಾಗಿ ಬಂತು. ಅತ್ತಿಗೆ ಚೀಟಿಗಾಗಿ ಮೇಲೆ ಹೋದಳು. ಈಗ ಅವಳಿಗೆ ಭಾಷೆ ಬಾರದು ಎನ್ನುವ ಹಾಗಿರಲಿಲ್ಲ. ಅದೇ ಇಪ್ಪತ್ತೆರಡು ಪ್ರಶ್ನೆ. ಅದೇ ಉತ್ತರ. ಹದಿನೇಳು. ಚೀಟಿಯಿಲ್ಲ. ಹಿರಿಯ ನರ್ಸಮ್ಮ ಆಯಾಳನ್ನು ಕರೆಸಿ ಹೇಳಿದರು, "ನನ್ನ ಕೈಯಲ್ಲಿ ಏನೂ ಉಳಿದಿಲ್ಲ ಕಣಮ್ಮ. ಮೊದಲು ಫಾರಂ ಇರಲಿಲ್ಲ ಅಂತ ನನ್ನ ಕಣ್ಣು ನಡೀತಿತ್ತು."

ಮೇಸ್ತ್ರಿ ಸ್ಟೂಲನ್ನು ಎತ್ತಿ ಬೇರೆ ಕಡೆ ಇಡಿಸಿದ. ಅತ್ತಿಗೆ ಗಾಡಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ, ಸಿಟ್ಟಿಲ್ಲದೆ, ಸುಮ್ಮನೆ ಗೊತ್ತುಮಾಡಿಕೊಳ್ಳಲು ಎಂಬಂತೆ ಕೇಳಿದಳು.

"ಆ ಫಾರಂ ನೀನೇ ಅಲ್ವೇನೇ ಬರೆದಿದ್ದು?"

ಆಯಾ ಗಾಡಿಯ ಚಕ್ರವನ್ನು ಒದ್ದಳು. ಇಲ್ಲ ಎನ್ನಲು ಬರುತ್ತಿರಲಿಲ್ಲ. ಹೌದು ಎನ್ನಲೂ ಬರುತ್ತಿರಲಿಲ್ಲ.

ಮನೆಯಲ್ಲಿ ಆಯಾ ಅತ್ತಿಗೆಗೆ ಪಾಠ ಹೇಳಿಕೊಟ್ಟಳು. ಏನು ಕೇಳಿದರೂ ನಾಲ್ಕು ಅನ್ನು. ಅರ್ಥವಾಗದಿದ್ದರೂ ನಾಲ್ಕು. ಕಾರಿಗೂ ನಾಲ್ಕು, ಈಜಿಗೂ ನಾಲ್ಕು. ಅತ್ತಿಗೆ ಒಪ್ಪಲಿಲ್ಲ. ಕೆಲಸ ಮಾಡಿಲ್ಲ ಅಂತ ಹೇಗೆ ಹೇಳಲಿ, ಮಾಡಿದ್ದೀನಲ್ಲ ಎಂದಳು. ಆಯಾ ಕೈಮುಗಿದಳು, ಅತ್ತಳು, ಅಣ್ಣನ ಆಣೆ ಹಾಕಿದಳು. ಕೊನೆಗೆ ಅತ್ತಿಗೆ ಹೂಂ ಅಂದಳು. ಮರುವಾರ ಮೇಲೆ ಹೋಗಿ ಇಪ್ಪತ್ತೆರಡಕ್ಕೂ ನಾಲ್ಕು ಎಂದು ಬಂದಳು.

ಎಂಬತ್ತೆಂಟು ಬಂತು. ಜೊತೆಗೆ ಕೆಂಪು ಅಕ್ಷರದಲ್ಲಿ ಒಂದು ಸಾಲೂ ಬಂತು. 'ಉತ್ತರಗಳು ನಂಬಲರ್ಹವಲ್ಲ. ಒಂದು ವರ್ಷದ ತನಕ ಮರುಪರೀಕ್ಷೆ ಇಲ್ಲ.'

ಆಯಾ ಅದನ್ನು ಯಂತ್ರದ ಪಕ್ಕದಲ್ಲಿ ನಿಂತು ಓದಿ ಹೇಳಿದಳು. ಅತ್ತಿಗೆ ಕೇಳಿಸಿಕೊಂಡಳು. "ನಿಜ ಹೇಳಿದ್ರೆ ನೋವೇ ಇಲ್ಲ ಅಂದ್ರು. ಸುಳ್ಳು ಹೇಳಿದ್ರೆ ನೀನು ಸುಳ್ಳಿ ಅಂದ್ರು," ಎಂದಳು. ನಕ್ಕಳು ಕೂಡ. ನಗುವಾಗ ಬೆನ್ನು ಹಿಡಿಯಿತು. ಗಾಡಿಯ ಅಂಚು ಹಿಡಿದಳು. ಗಾಡಿ ಜಾರಿತು. ಅತ್ತಿಗೆ ಮೆಲ್ಲಗೆ, ಬಟ್ಟೆ ಕಳಚಿ ಬಿದ್ದ ಹಾಗೆ, ಒದ್ದೆ ನೆಲದ ಮೇಲೆ ಕೂತಳು.

ಮೇಸ್ತ್ರಿ ಬಂದ. ಅವನು ಈ ಊರಿನವನು. "ಏನಿವಳದು ನಾಟಕ? ಏಳೋಕೆ ಹೇಳು. ಆಪರೇಷನ್ ಥಿಯೇಟರ್ ಬಟ್ಟೆ ಕಾಯ್ತಿದೆ."

"ಅತ್ತಿಗೆ, ಏಳ್ತೀಯಾ?"

"ಏಳಲ್ಲ," ಎಂದಳು ಅತ್ತಿಗೆ. ಹದಿನಾಲ್ಕು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ಅವನಿಗೆ ಹೇಳು. ಸೀನು ಬಂದ್ರೆ ಮೊದಲು ಗೋಡೆ ಹುಡುಕ್ತೀನಿ ನಾನು. ಗೋಡೆ ಸಿಗದಿದ್ರೆ ಸೀನನ್ನೇ ನುಂಗ್ತೀನಿ. ಗಾಡಿ ತಳ್ಳುವಾಗ ಕಚ್ಚಿ ಕಚ್ಚಿ ದವಡೆ ಹಲ್ಲು ಎರಡು ಸೀಳಿದಾವೆ. ಮಗಳು ಹೆತ್ತು ಐದು ತಿಂಗಳಾಯ್ತು. ಮೊಮ್ಮಗಳನ್ನ ಒಂದು ಸಲ ಎತ್ಕೊಂಡಿಲ್ಲ. ಕೈಯಿಂದ ಜಾರಿಸಿಬಿಡ್ತೀನಿ ಅಂತ ಹೆದರಿಕೆ. ಮಲಗಿದೆ ಮಲಗಿರ್ಲಿ ಅಂತ ನೆಪ ಹೇಳ್ತೀನಿ. ಅಜ್ಜಿಗೆ ಮಗು ಮೇಲೆ ಆಸೆಯಿಲ್ಲ ಅಂತ ಮಗಳು ಅಂದ್ಕೊಂಡಿದಾಳೆ. ಅಂದ್ಕೊಳ್ಲಿ ಅಂತ ಬಿಟ್ಟಿದೀನಿ. ಎಲ್ಲಾ ಹೇಳು ಅವನಿಗೆ. ಒಂದೂ ಬಿಡಬೇಡ."

ಆಯಾ ಒಂದೂ ಬಿಡಲಿಲ್ಲ. ಸೀನು, ಗೋಡೆ, ಹಲ್ಲು, ಮಗು. ಅತ್ತಿಗೆ ನಿಲ್ಲಿಸಿದ ಕಡೆ ನಿಲ್ಲಿಸಿದಳು. ಅಂಥ ಅನುವಾದವನ್ನು ಆ ಆಸ್ಪತ್ರೆಯಲ್ಲಿ ಯಾರೂ ಮಾಡಿರಲಿಲ್ಲ.

ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡ. ಕೆಟ್ಟವನಲ್ಲ. ಕತ್ತು ಕೆರೆದುಕೊಂಡ.

"ಅದೆಲ್ಲ ಸರಿ," ಎಂದ. "ಫಾರಂನಲ್ಲಿ ಎಷ್ಟು ಬಂದಿದೆ?"

ಆಯಾ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿಟ್ಟಳು. ಅತ್ತಿಗೆಯ ಬೆನ್ನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಮೇಸ್ತ್ರಿ ಪುಸ್ತಕ ತಂದು ಇಬ್ಬರ ಹೆಸರಿನ ಮುಂದೆ ಏನೋ ಬರೆದುಕೊಂಡು ಹೋದ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗೂ ಮನೆಯಿತ್ತು, ಮಕ್ಕಳಿದ್ದರು. ಗಾಡಿ ತಳ್ಳಿಕೊಂಡು ಬಂದರು, ಆ ಇಬ್ಬರ ಹತ್ತಿರ ಬಂದಾಗ ಸ್ವಲ್ಪ ಬಳಸಿಕೊಂಡು ಹೋದರು. ಒಬ್ಬಳು ಹೋಗುವಾಗ ಒಣಗಿದ ಶೀಟೊಂದನ್ನು ಮಡಚಿ ಅತ್ತಿಗೆಯ ಕೆಳಗೆ ತುರುಕಿದಳು. ಅಷ್ಟೇ ಅವಳ ಕೈಲಾದದ್ದು.

ಪಾಳಿ ಮುಗಿಯುವ ತನಕ ಇಬ್ಬರೂ ಏಳಲಿಲ್ಲ.

ಮುಗಿದ ಮೇಲೆ ಆಯಾ ಎದ್ದಳು. ಅತ್ತಿಗೆಗೆ ಏಳಲಾಗಲಿಲ್ಲ.